ಶೇಕಡಾವಾರು ಪೂರ್ವಜರು

ಬೀದರ್ ಸಮೀಪದ ಹಬ್ಶಿ ಕೋಟ್ ಎಂಬ ದಿಬ್ಬವು, ಅಬಿಸೀನಿಯಾದಿಂದ ಅಂದರೆ ಇಂದಿನ ಇಥಿಯೋಪಿಯಾದ ಕಡೆಯಿಂದ ಬಂದು ದಖ್ಖನಿನ ಸೈನ್ಯದಲ್ಲಿಯೂ ದರ್ಬಾರಿನಲ್ಲಿಯೂ ಮೇಲೇರಿದ ಹಬ್ಶಿಗಳ ಹೆಸರನ್ನು ಇಂದಿಗೂ ಉಳಿಸಿಕೊಂಡಿದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ ಭಾಗದ ಸಿದ್ದಿಗಳೂ ಆಫ್ರಿಕಾ ಮೂಲದವರೇ ಆದುದರಿಂದ, ಇಬ್ಬರನ್ನೂ ಒಂದೇ ಬಳ್ಳಿಯ ಕುಡಿಗಳೆಂದು ಭಾವಿಸುವುದು ಸುಲಭ. ಹೈದರಾಬಾದಿನ ಜೀವಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ಕುಮಾರಸ್ವಾಮಿ ತಂಗರಾಜ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನವು ಬೇರೆಯ ಚಿತ್ರವನ್ನು ಕೊಡುತ್ತದೆ: ಸಿದ್ದಿಗಳ ಆಫ್ರಿಕನ್ ಪೂರ್ವಜರು ಬಾಂಟು ಭಾಷಾವರ್ಗದ ಜನರಿಗೆ ಹತ್ತಿರದವರು; ಅವರಲ್ಲಿ ಭಾರತೀಯ ಅಂಶವೂ, ಪ್ರಾಯಶಃ ಪೋರ್ಚುಗೀಸರ ಅಂಶವೂ ಬೆರೆತಿದೆ.

ಈ ಬೆರಕೆ ಸುಮಾರು ಎಂಟು ತಲೆಮಾರುಗಳ, ಅಂದರೆ ಇನ್ನೂರು ವರ್ಷಗಳ ಹಿಂದಿನದೆಂಬುದು ಅವರ ಅಂದಾಜು. ತಂದೆತಾಯಿಯರ ವರ್ಣತಂತುಗಳು ಪ್ರತಿ ತಲೆಮಾರಿನಲ್ಲಿಯೂ ತುಂಡಾಗಿ ಅದಲುಬದಲಾಗುವುದರಿಂದ, ಒಂದು ಮೂಲದಿಂದ ಬಂದ ಡಿಎನ್‌ಎ ತುಣುಕುಗಳು ಕಾಲ ಕಳೆದಂತೆ ಚಿಕ್ಕವಾಗುತ್ತವೆ; ತುಣುಕು ಉದ್ದವಿದ್ದಷ್ಟೂ ಬೆರಕೆ ಈಚಿನದು.

ಪೂರ್ವಜರ ಮೂಲ ಹೇಳುವುದಾಗಿ ಕಂಪನಿಗಳು ಮಾರುವ ಜೊಲ್ಲಿನ ಪರೀಕ್ಷೆಯಾದರೋ ಸುಮಾರು 300 ಕೋಟಿ ಅಕ್ಷರಗಳ ಜೀನೋಮಿನಲ್ಲಿ ಆರೇಳು ಲಕ್ಷ ಸ್ಥಾನಗಳನ್ನಷ್ಟೇ ಓದಿ, ಕಂಪನಿಯ ಬಳಿಯಿರುವ ಉಲ್ಲೇಖ ಗುಂಪುಗಳೊಡನೆ, ಅಂದರೆ ಮೂಲ ಗೊತ್ತಿದೆಯೆಂದು ಒಪ್ಪಿಕೊಂಡ ಇಂದಿನ ಜನರ ಮಾದರಿಗಳೊಡನೆ, ಹೋಲಿಸಿ ಶೇಕಡಾವಾರು ಲೆಕ್ಕ ಒಪ್ಪಿಸುತ್ತದೆ. ಗುಂಪು ಬದಲಾದರೆ ಲೆಕ್ಕವೂ ಬದಲಾಗುತ್ತದೆ. ‘ಇಟಾಲಿಯನ್’ ಎಂಬ ಗುಂಪೇ ಇದಕ್ಕೆ ಒಳ್ಳೆಯ ನಿದರ್ಶನ: ರೋಮಿನ ಆಸುಪಾಸಿನ 29 ತಾಣಗಳ 127 ಪ್ರಾಚೀನ ಜೀನೋಮುಗಳನ್ನು ಪರಿಶೀಲಿಸಿದ 2019ರ ಅಧ್ಯಯನದಲ್ಲಿ, ಸಾಮ್ರಾಜ್ಯದ ಕಾಲದ ರೋಮನರ ಒಲವು ಪೂರ್ವ ಮೆಡಿಟರೇನಿಯನ್ ಜನರ ಕಡೆಗಿತ್ತು, ಸಾರ್ಡೀನಿಯಾ ದ್ವೀಪದವರಲ್ಲಾದರೋ ನವಶಿಲಾಯುಗದ ಬೇಸಾಯಗಾರರ ಅಂಶ ಇಂದಿಗೂ ದಟ್ಟವಾಗಿದೆ. ಇಷ್ಟೆಲ್ಲವನ್ನೂ ಒಂದೇ ಶೀರ್ಷಿಕೆಯಡಿ ತುರುಕಿದ ವರದಿಯನ್ನು ಚರಿತ್ರೆಯೆಂದು ಓದಲಾಗದು.

ಬೀದರ್ ಜಿಲ್ಲೆಯ ಹುಮನಾಬಾದ್–ಬಸವಕಲ್ಯಾಣ ಸೀಮೆಯ ಘಾಟಬೋರಾಳದಂಥ ಊರಿಗೆ ಬಂದರೆ ತೊಡಕು ಇನ್ನೂ ಹೆಚ್ಚು. ಒಳಪಂಗಡದೊಳಗೇ ಮದುವೆಗಳು ಶತಮಾನಗಳಿಂದ ನಡೆದುಬಂದಿರುವುದರಿಂದ, ಒಂದೇ ಓಣಿಯ ಎರಡು ಮನೆಗಳ ನಡುವಿನ ವಂಶವಾಹಿ ಅಂತರವು ದೂರದ ಊರಿನ ಸ್ವಜಾತಿಯವರೊಡನೆ ಇರುವ ಅಂತರಕ್ಕಿಂತ ಹೆಚ್ಚಾಗಿರಬಹುದು. 1956ರಲ್ಲಿ ಹಳೆಯ ಬೀದರ್ ಜಿಲ್ಲೆಯ ಉದಗೀರ, ನಿಲಂಗಾ ಮುಂಬಯಿ ರಾಜ್ಯಕ್ಕೂ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೂ ಹೋದವು. ಹೆಣ್ಣು ಕೊಟ್ಟು ತರುವ ನಂಟು ಆ ಗಡಿಯನ್ನು ಲೆಕ್ಕಿಸಲಿಲ್ಲವಾದರೂ, ಮಾದರಿಗಳನ್ನು ಇಂದಿನ ರಾಜ್ಯಗಳ ಹೆಸರಿನಲ್ಲಿ ವಿಂಗಡಿಸುವ ಕಂಪನಿಯು ಒಂದೇ ಬಳಗದವರನ್ನು ಮೂರು ಬಣ್ಣಗಳಲ್ಲಿ ತೋರಿಸಬಲ್ಲದು.