ನಾದವಲ್ಲ, ಹಾದಿ ಬೇರೆ

ಧರ್ಮಾರ್ಥವಾಗಿ ದೊರೆಯುವ ಧ್ವನಿಮುದ್ರಣ ತಂತ್ರಾಂಶದಲ್ಲಿ ವೀಣೆಯ ನಾದವು ಬಡಕಲಾಗಿ ಕೇಳುವುದೆಂದೂ, ಸ್ಟುಡಿಯೋಗಳಲ್ಲಿ ಬಳಸುವ ಬೆಲೆಯುಳ್ಳ ತಂತ್ರಾಂಶಕ್ಕೆ ಅದನ್ನೇ ಒಯ್ದರೆ ತುಂಬಿಬರುವುದೆಂದೂ ತಮ್ಮ ಮಿತ್ರರು ಸಾಧಿಸುತ್ತಾರೆ, ಇದರಲ್ಲಿ ಸತ್ಯವೆಷ್ಟು ಎಂದು ವೀಣಾಭ್ಯಾಸಿಗಳಾದ ಓದುಗರೊಬ್ಬರು ಕೇಳಿದ್ದಾರೆ. ಸಂಗೀತಗಾರರು ಇಬ್ಬರು ಸೇರಿದಲ್ಲಿ ಈ ಚರ್ಚೆ ಏಳದೆ ಇರುವುದಿಲ್ಲ; ತಂತ್ರಾಂಶಗಳಲ್ಲಿ ಒಬ್ಬರಿಗೆ ಪ್ರೋ ಟೂಲ್ಸ್‌ನ ನಾದ ಗಂಭೀರ, ಇನ್ನೊಬ್ಬರಿಗೆ ಕ್ಯೂಬೇಸ್‌ನದು ಮಧುರ, ಮತ್ತೊಬ್ಬರಿಗೆ ರೀಪರ್‌ನದು ಸ್ವಚ್ಛ. ಕಿವಿಯನ್ನೇ ಜೀವನೋಪಾಯವಾಗಿ ಉಳ್ಳವರು ಆಡುವ ಮಾತಾದುದರಿಂದ ಇದನ್ನು ಹಗುರವಾಗಿ ತಳ್ಳಿಹಾಕುವುದು ಸಲ್ಲದು; ಆದರೆ ಪರೀಕ್ಷಿಸದೆ ಒಪ್ಪುವುದಂತೂ ಇನ್ನೂ ಸಲ್ಲದು.

ಮೈಕ್ರೋಫೋನಿನಿಂದ ಹೊರಟ ವಿದ್ಯುತ್ಸ್ಪಂದನವನ್ನು ಸೆಕೆಂಡಿಗೆ 44,100 ಬಾರಿಯೋ 48,000 ಬಾರಿಯೋ ಅಳೆದು ಸಂಖ್ಯೆಗಳನ್ನಾಗಿ ಮಾಡುವ ಕಾರ್ಯವು ಇಂಟರ್‌ಫೇಸ್ ಎಂಬ ಪೆಟ್ಟಿಗೆಯಲ್ಲಿಯೇ ಮುಗಿದುಹೋಗಿರುತ್ತದೆ. ನಾದದ ಗುಣಾವಗುಣಗಳು ವಾದ್ಯದಲ್ಲಿ, ಕೊಠಡಿಯಲ್ಲಿ, ಮೈಕ್ರೋಫೋನಿನಲ್ಲಿ, ಈ ಪೆಟ್ಟಿಗೆಯಲ್ಲಿ ನಿರ್ಣಯವಾಗುತ್ತವೆ. ತಂತ್ರಾಂಶದ ಕೈಗೆ ಬರುವುದು ಬರಿಯ ಸಂಖ್ಯೆಗಳ ಸಾಲು. ಎರಡು ಟ್ರ್ಯಾಕುಗಳನ್ನು ಬೆರೆಸುವುದೆಂದರೆ ಆ ಸಂಖ್ಯೆಗಳನ್ನು ಕೂಡುವುದು. ದನಿಯ ಮಟ್ಟವನ್ನು ಹೊಂದಿಸುವ ಫೇಡರನ್ನು ಏರಿಸುವುದೆಂದರೆ ಅವನ್ನು ಗುಣಿಸುವುದು. ಕೂಡುವುದರಲ್ಲಿಯೂ ಗುಣಿಸುವುದರಲ್ಲಿಯೂ ಒಂದು ಸಂಸ್ಥೆಯ ಲೆಕ್ಕ ಮಧುರವಾಗಿ ಇನ್ನೊಂದರ ಲೆಕ್ಕ ನೀರಸವಾಗಲು ಎಡೆಯೆಲ್ಲಿ?

ತರ್ಕವನ್ನು ನಂಬದವರಿಗೆ ಒಂದು ಪ್ರಯೋಗವಿದೆ. ಇಷ್ಟು ಸರಳವಾಗಿಯೂ ಇಷ್ಟು ನಿಷ್ಠುರವಾಗಿಯೂ ಇರುವ ಪರೀಕ್ಷೆ ವಿಜ್ಞಾನದಲ್ಲಿ ವಿರಳವೆಂದೇ ನನ್ನ ಭಾವನೆ. ವೀಣೆ, ಮೃದಂಗ, ತಂಬೂರಿಗಳ ಅವೇ ಟ್ರ್ಯಾಕುಗಳನ್ನು ಎರಡು ತಂತ್ರಾಂಶಗಳಲ್ಲಿ ಒಂದೇ ಮಟ್ಟದಲ್ಲಿ, ನಾದವನ್ನು ಮಾರ್ಪಡಿಸುವ ಯಾವ ಪ್ಲಗ್-ಇನ್ನನ್ನೂ ಸೇರಿಸದೆ ಬೆರೆಸಿ, ಬಂದ ಎರಡು ಕಡತಗಳನ್ನು ಯಾವುದಾದರೊಂದರಲ್ಲಿ ಒಂದರ ಕೆಳಗೊಂದಾಗಿ, ಆರಂಭಬಿಂದು ಕೂದಲೆಳೆಯಷ್ಟೂ ತಪ್ಪದಂತೆ ಇರಿಸಬೇಕು. ಅನಂತರ ಅವುಗಳಲ್ಲೊಂದನ್ನು ತಲೆಕೆಳಗು ಮಾಡಬೇಕು, ಎಂದರೆ ಅದರ ಪ್ರತಿಯೊಂದು ಧನಸಂಖ್ಯೆಯನ್ನು ಋಣವಾಗಿಯೂ ಋಣಸಂಖ್ಯೆಯನ್ನು ಧನವಾಗಿಯೂ ತಿರುಗಿಸಬೇಕು. ಇದಕ್ಕೆ ಬಹುಪಾಲು ಎಲ್ಲ ತಂತ್ರಾಂಶಗಳಲ್ಲಿಯೂ ಒಂದು ಗುಂಡಿಯಿರುತ್ತದೆ. ಈಗ ಎರಡನ್ನೂ ಒಟ್ಟಿಗೆ ನುಡಿಸಿದರೆ ಪ್ರತಿ ಕ್ಷಣದಲ್ಲಿಯೂ ಸಮವಾದ ಧನ ಋಣಗಳು ಒಂದನ್ನೊಂದು ಅಳಿಸುವುದರಿಂದ, ಎಲ್ಲಿ ಭೇದವಿದೆಯೋ ಅಲ್ಲಿ ಮಾತ್ರ ಸದ್ದು ಉಳಿಯಬೇಕು. ಒಂದು ತಂತ್ರಾಂಶದಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿರುವ ಆ ಗಾಂಭೀರ್ಯ, ಆ ಮಾಧುರ್ಯ, ನಿಜವಾಗಿ ಇರುವುದಾದರೆ, ಬೇರೆ ಯಾವುದರ ಮರೆಯೂ ಇಲ್ಲದೆ ಏಕಾಂಗಿಯಾಗಿ ಕೇಳಿಬರಬೇಕು. ಮಾಡಿ ನೋಡಿದ್ದೇನೆ. ಪರದೆಯ ಮೇಲೆ ಎರಡು ತರಂಗಗಳು ಚಲಿಸುತ್ತಿರುತ್ತವೆ, ಧ್ವನಿವರ್ಧಕದಿಂದ ಏನೂ ಬರುವುದಿಲ್ಲ. ವೀಣೆಯ ಮೀಟೂ ಮೃದಂಗದ ಗುಮಿಕಿಯೂ ಹೀಗೆ ನಿಶ್ಶೇಷವಾಗಿ ಕರಗಿಹೋಗುವುದನ್ನು ಕೇಳುವ ಸೋಜಿಗ ನನಗೆ ಇನ್ನೂ ಹಳತಾಗಿಲ್ಲ.

ಹಾಗಾದರೆ ಆ ಮಿತ್ರರು ಕೇಳಿದ ಭೇದ ಸುಳ್ಳೇ? ಸುಳ್ಳಲ್ಲ, ಕಾರಣ ಮಾತ್ರ ಬೇರೆ. ವೀಣೆಯನ್ನು ನಡುವೆ ಇರಿಸಿದಾಗ ಅದು ಎಡಬಲಗಳ ಎರಡು ಧ್ವನಿವರ್ಧಕಗಳಿಂದಲೂ ಬರುವುದರಿಂದ, ಒಂದೇ ಪಕ್ಕದಲ್ಲಿ ಇರಿಸಿದ್ದಕ್ಕಿಂತ ಗಟ್ಟಿಯಾಗಿ ಕೇಳುತ್ತದೆ. ಈ ಹೆಚ್ಚಳವನ್ನು ಸರಿದೂಗಿಸಲು ನಡುವಿನ ದನಿಯನ್ನು ಕೊಂಚ ತಗ್ಗಿಸುವ ನಿಯಮವೊಂದನ್ನು ಬಹುಪಾಲು ತಂತ್ರಾಂಶಗಳು ಪಾಲಿಸುತ್ತವೆ. ಎಷ್ಟು ತಗ್ಗಿಸಬೇಕೆಂಬುದರಲ್ಲಿ ಮಾತ್ರ ಏಕಮತವಿಲ್ಲ. ಪ್ರೋ ಟೂಲ್ಸ್‌ನ ಹಳೆಯ ಆವೃತ್ತಿಗಳು 2.5 ಡೆಸಿಬೆಲ್ ತಗ್ಗಿಸುತ್ತಿದ್ದವು. ರೀಪರ್, ನಾವಾಗಿ ಹೇಳದ ಹೊರತು, ತಗ್ಗಿಸುವುದೇ ಇಲ್ಲ. ಆದಕಾರಣ ಅದೇ ಮುದ್ರಿಕೆ ಒಂದರಲ್ಲಿ ತುಸು ಮೇಲುದನಿಯಾಗಿಯೂ ಇನ್ನೊಂದರಲ್ಲಿ ತುಸು ಮೆಲುದನಿಯಾಗಿಯೂ ಹೊರಡುತ್ತದೆ. ಮನುಷ್ಯನ ಕಿವಿಯೋ, ದನಿ ಏರಿದಷ್ಟೂ ಮಂದ್ರದ ಸ್ವರಗಳನ್ನು ಹೆಚ್ಚು ಸಲೀಸಾಗಿ ಗ್ರಹಿಸುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ಈ ಗುಣದ ವಕ್ರರೇಖೆಗಳನ್ನು 1933ರಲ್ಲಿಯೇ ಪ್ರಕಟಿಸಿದರು. ಎರಡು ಡೆಸಿಬೆಲ್ಲಿನ ಏರಿಕೆ ನಮಗೆ ಏರಿಕೆಯಾಗಿ ತೋರದೆ ತುಂಬುನಾದವಾಗಿ ತೋರುವುದು ಹೀಗೆ. ಮೇಲೆ ಹೇಳಿದ ಪರೀಕ್ಷೆಯಲ್ಲಿ ಇಂಥ ಸಂದರ್ಭದಲ್ಲಿ ಉಳಿಯುವುದು ಕ್ಷೀಣವಾದ ಅದೇ ಸಂಗೀತ. ಒಂದರ ಫೇಡರನ್ನು ಸರಿಪಡಿಸುತ್ತ ಹೋದರೆ ಅದೂ ಅಡಗುತ್ತದೆ. ಇಷ್ಟು ಸುಲಭವಾದ ಪ್ರಮಾಣ ಕೈಯಲ್ಲಿರುವಾಗಲೂ ಬೆಲೆಗೂ ಮಾಧುರ್ಯಕ್ಕೂ ಗಂಟುಹಾಕಿ, ಹಣವಿಲ್ಲದ ವಿದ್ಯಾರ್ಥಿಯಲ್ಲಿ ಕೀಳರಿಮೆಯನ್ನು ಬಿತ್ತುವುದು ವಿದ್ಯೆಗೆ ಬಗೆಯುವ ಅಪಚಾರ.

ನಿಜವಾದ ಭೇದವಿರುವುದು ಕೈಗೆ ಒಗ್ಗುವ ಬಗೆಯಲ್ಲಿ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡಾಮಿನಿಕ್ ಮಜೋನಿ ಮತ್ತು ರೋಜರ್ ಡ್ಯಾನೆನ್‌ಬರ್ಗ್ ಆರಂಭಿಸಿ 2000ದಲ್ಲಿ ಬಿಡುಗಡೆಗೊಂಡ ಅಡಾಸಿಟಿಯನ್ನು ತೆರೆದೊಡನೆ ಕೆಂಪುಗುಂಡಿ ಕಾಣುತ್ತದೆ; ಪಾಠವನ್ನೋ ಪ್ರವಚನವನ್ನೋ ಮುದ್ರಿಸಿಕೊಳ್ಳಬೇಕಾದವರಿಗೆ ಒಂದು ಮಧ್ಯಾಹ್ನದ ಅಭ್ಯಾಸ ಸಾಕು. ಆದರೆ 2022ರ ಆವೃತ್ತಿಯವರೆಗೂ ಅದರಲ್ಲಿ ಪ್ರತಿಧ್ವನಿಯಂಥ ಪರಿಣಾಮವನ್ನು ಸೇರಿಸಿದರೆ ಅದು ಮುದ್ರಿಕೆಯಲ್ಲಿಯೇ ಬೆರೆತುಹೋಗುತ್ತಿತ್ತು. ನುಡಿಸುತ್ತಲೇ ಹೊಂದಿಸಿ ನೋಡುವ ಸೌಕರ್ಯ ಬಂದದ್ದು ಆಮೇಲೆ. ಸಂಗೀತ ನುಡಿಸುವ ತಂತ್ರಾಂಶವಾದ ವಿನ್ಯಾಂಪ್‌ನ ನಿರ್ಮಾತೃವಾದ ಜಸ್ಟಿನ್ ಫ್ರಾಂಕೆಲ್ ರೂಪಿಸಿದ ರೀಪರ್‌ನಲ್ಲಿ ಮೆನು, ಕೀಲಿ, ಬಣ್ಣ, ಎಲ್ಲವನ್ನೂ ಬಳಸುವವನೇ ಬದಲಾಯಿಸಿಕೊಳ್ಳಬಹುದು. ಬಲ್ಲವರಿಗೆ ಅದು ಸ್ವಾತಂತ್ರ್ಯ, ಹೊಸಬರಿಗೆ ದಾರಿಕಾಣದ ಕಾಡು. 1991ರಲ್ಲಿ ನಾಲ್ಕೇ ಟ್ರ್ಯಾಕುಗಳೊಡನೆ ಬಂದ ಪ್ರೋ ಟೂಲ್ಸ್ ಕಠಿನವೆಂದು ಹೆಸರಾಗಿದೆ. ಅದರ ಮಿಕ್ಸ್ ಕಿಟಕಿಯು ಸ್ಟುಡಿಯೋದ ಹಳೆಯ ಕನ್ಸೋಲನ್ನೇ ಅನುಸರಿಸಿದ್ದರಿಂದ, ಕನ್ಸೋಲಿನ ಮುಂದೆ ಪಳಗಿದವರಿಗೆ ಅದು ಪರಿಚಿತವಾಗಿಯೇ ತೋರಿತು. ಕನ್ಸೋಲನ್ನು ಎಂದೂ ಕಾಣದ ಇಂದಿನ ತರುಣರಿಗೆ ಮಾತ್ರ ದುರ್ಗಮ. ಆದಕಾರಣ ಯಾವ ತಂತ್ರಾಂಶ ಸುಲಭವೆಂದು ಕೇಳುವ ಮುನ್ನ, ಕಲಿಯುವವರಿಗೆ ಮೊದಲೇ ಏನು ತಿಳಿದಿದೆ ಎಂದು ಕೇಳಬೇಕಾಗುತ್ತದೆ.

ತಾವು ಬಲ್ಲದ್ದಕ್ಕೂ ತಂತ್ರಾಂಶದ ರೂಢಿಗೂ ಹೊಂದದಿರುವ ಅನುಭವ ಕರ್ನಾಟಕ ಸಂಗೀತದವರಿಗೆ ಎಲ್ಲರಿಗಿಂತ ತೀಕ್ಷ್ಣ. ಈ ತಂತ್ರಾಂಶಗಳಲ್ಲಿ ಬಹಳಷ್ಟು, ಹೊಸ ಕಡತವನ್ನು ತೆರೆದೊಡನೆ, ನಿಮಿಷಕ್ಕೆ 120 ಮಾತ್ರೆಗಳಂತೆ ನಾಲ್ಕು ನಾಲ್ಕರ ಗುಂಪಿನ ಗೆರೆಗಳನ್ನು ಪರದೆಯ ಮೇಲೆ ಎಳೆದಿಡುತ್ತವೆ. ಆದಿತಾಳ ಅದರಲ್ಲಿ ಹೇಗೋ ಕುಳಿತುಕೊಳ್ಳುತ್ತದೆ. ಮಿಶ್ರಛಾಪುವಿಗೆ ಏಳೆಂದೂ ಖಂಡಛಾಪುವಿಗೆ ಐದೆಂದೂ ನಾವೇ ತಿದ್ದಬೇಕು. ತಾಳವೇ ಇಲ್ಲದ ಆಲಾಪನೆಗಂತೂ ಆ ಗೆರೆಗಳು ಕೇವಲ ವಿಘ್ನ. ಸ್ನ್ಯಾಪ್ ಎಂಬ ಸೌಲಭ್ಯ ಎಚ್ಚರದಲ್ಲಿದ್ದರೆ, ಉಸಿರು ನಿಂತ ಜಾಗದಲ್ಲಿ ಕತ್ತರಿಸಲು ಹೋದ ಕೈಯನ್ನು ಅದು ಹತ್ತಿರದ ಗೆರೆಗೆ ಎಳೆದೊಯ್ಯುತ್ತದೆ. ಇನ್ನು ಸ್ವರಗಳನ್ನು ಬರೆಯುವ ಪಿಯಾನೋ ರೋಲ್, ಸ್ಥಾಯಿಗೆ ಹನ್ನೆರಡೇ ಮನೆಗಳನ್ನು ಇರಿಸಿಕೊಂಡಿದೆ. ಸ್ವರಗಳನ್ನು ಸಂಕೇತಗಳಾಗಿ ರವಾನಿಸುವ, 1983ರಲ್ಲಿ ರೂಢಿಗೆ ಬಂದ ಮಿಡಿ ಪದ್ಧತಿಯಲ್ಲಿ ಸ್ವರವನ್ನು ಬಾಗಿಸಲು 16,384 ಮೆಟ್ಟಿಲುಗಳಿವೆಯಾದರೂ, ತೋಡಿಯ ಗಾಂಧಾರದ ಆಂದೋಲನವನ್ನು ಮೌಸಿನಿಂದ ಗೆರೆಗೆರೆಯಾಗಿ ಬರೆಯುವ ತಾಳ್ಮೆ ಯಾರಿಗಿದ್ದೀತು!

ಪ್ರಶ್ನೆ ಕೇಳಿದ ಓದುಗರಿಗೆ ಈ ಕಡೆಯ ತೊಡಕು ಇಲ್ಲ. ಮೈಕ್ರೋಫೋನಿನಿಂದ ಮುದ್ರಿಸಿದ ವೀಣೆಯ ಗಮಕಗಳು ಯಾವ ಮನೆಗೂ ಸಿಲುಕದೆ ಹಾಗೆಯೇ ಉಳಿಯುತ್ತವೆ. ಅಡಾಸಿಟಿಯಿಂದಲೇ ಆರಂಭಿಸಲಿ, ಹಲವು ಟ್ರ್ಯಾಕುಗಳನ್ನು ತಾಳಕ್ಕೆ ಹೊಂದಿಸುವ ಅಗತ್ಯ ಬಂದ ದಿನ ರೀಪರ್‌ಗೆ ಹೋಗಲಿ, ಹೋದೊಡನೆ ಮೆಟ್ರೊನೋಮನ್ನೂ ಸ್ನ್ಯಾಪನ್ನೂ ನಿಲ್ಲಿಸಿಬಿಡಲಿ. ಈಗ ಕೂಡಿಟ್ಟ ಹಣ ಒಂದಿಷ್ಟು ಇದ್ದರೆ ಅದನ್ನು ಮೈಕ್ರೋಫೋನಿಗೆ ವಿನಿಯೋಗಿಸಿ, ಬೀದಿಯ ಗದ್ದಲ ಬಾರದ ಒಳಕೋಣೆಯಲ್ಲಿ, ದಪ್ಪ ಜಮಖಾನೆಯ ಮೇಲೆ ಕುಳಿತು ನುಡಿಸಲಿ.