ತಡವಾದ ಪ್ರಾಜೆಕ್ಟ್‌ಗೆ ಜನ ಸೇರಿಸಿದ್ರೆ ಏನಾಗುತ್ತೆ?

4 ಜನ 12 ದಿನದಲ್ಲಿ ಮಾಡೋ ಕೆಲಸವನ್ನ 8 ಜನ ಎಷ್ಟು ದಿನದಲ್ಲಿ ಮುಗಿಸ್ತಾರೆ? 6 ದಿನ ಅಂತ ಶಾಲೆಯಲ್ಲಿ ಕಲ್ತಿದ್ವಿ. ಕಾಮರ್ಸ್ ಓದಿದ ನಾನೂ ಅದನ್ನೇ ನಂಬಿದ್ದೆ.

ನನ್ನ ಪಾಡ್‌ಕಾಸ್ಟ್ ಆ್ಯಪ್ ಮಾಡೋಕೆ 4 ಜನರ ತಂಡ ಇತ್ತು. ಕೆಲಸ ತಡವಾಯ್ತು, ಇನ್ನಿಬ್ಬರನ್ನ ಕರೆದೆ. ಹಳಬರು ತಮ್ಮ ಕೆಲಸ ಬಿಟ್ಟು ಹೊಸಬರಿಗೆ ಕೋಡ್ ವಿವರಿಸ್ತಾ ಕೂತ್ರು. ದುಡ್ಡೂ ಹೋಯ್ತು, ಟೈಮೂ ಹೋಯ್ತು.

ಐಬಿಎಂನ ಓಎಸ್/360 ಪ್ರಾಜೆಕ್ಟ್ ನಡೆಸಿದ್ದ ಫ್ರೆಡ್ ಬ್ರೂಕ್ಸ್, 1975ರಲ್ಲಿ ಬಂದ 'ದಿ ಮಿಥಿಕಲ್ ಮ್ಯಾನ್-ಮಂತ್' ಪುಸ್ತಕದಲ್ಲೇ ಈ ತಪ್ಪಿನ ಬಗ್ಗೆ ಎಚ್ಚರಿಸಿದ್ರು. ಲೆಕ್ಕ ನೋಡಿ: 4 ಜನರಲ್ಲಿ ಒಬ್ಬರಿಗೊಬ್ಬರು ಮಾತಾಡ್ಕೊಳ್ಳೋ ಜೋಡಿಗಳು 6. 6 ಜನ ಆದ್ರೆ 15, 8 ಆದ್ರೆ 28. ಜನ ದುಪ್ಪಟ್ಟಾದ್ರೆ ಮಾತುಕತೆ ನಾಲ್ಕು ಪಟ್ಟಿಗಿಂತ ಜಾಸ್ತಿ!

ಹಾಗಾದ್ರೆ ದಾರಿ? ಜನರನ್ನ ಹೆಚ್ಚಿಸೋ ಬದಲು ಕೆಲಸ ಕಡಿಮೆ ಮಾಡಿ. ನಾವು ಡೌನ್‌ಲೋಡ್, ಕಾಮೆಂಟ್ ಎಲ್ಲ ಮುಂದಕ್ಕೆ ಹಾಕಿ, ಎಪಿಸೋಡ್ ಪ್ಲೇ ಆದ್ರೆ ಸಾಕು ಅಂದ್ಕೊಂಡ್ವಿ. ಒಬ್ಬರ ಕೈಲಿ ಒಂದೇ ಕೆಲಸ. ಅದು ಮುಗಿದ ಮೇಲೇ ಇನ್ನೊಂದು. ಆ್ಯಪ್ ಆಗ ಹೊರಬಂತು.

ನಿಮ್ಮ ತಂಡ ತಡ ಮಾಡ್ತಿದ್ಯಾ? 'ಇನ್ಯಾರನ್ನ ಕರೀಲಿ' ಅನ್ನೋ ಮೊದಲು 'ಏನನ್ನ ಬಿಡ್ಲಿ' ಅಂತ ಕೇಳ್ಕೊಳ್ಳಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.