ಒಂಬತ್ತು ಊರು, ಎರಡು ಮೊಣಕಾಲು

ನಮ್ಮ ಮನೆಯಲ್ಲಿ ಜರ್ಮನಿ ಪ್ರವಾಸ ಶುರುವಾದದ್ದು ಗಾಂಧಿ ಬಜಾರಿನಿಂದ ತಂದ ನೂರು ಪುಟದ ಒಂದು ನೋಟ್‌ಬುಕ್ಕಿನಿಂದ. ಆರನೇ ತರಗತಿಯಲ್ಲಿ ಓದುವ ಮೊಮ್ಮಗಳು ಪುಟ್ಟಿ ಅದರ ಮೊದಲ ಪುಟದಲ್ಲಿ ಒಂಬತ್ತು ಊರುಗಳ ಹೆಸರು ಬರೆದಿದ್ದಳು: ಫ್ರಾಂಕ್‌ಫರ್ಟ್, ಕಲೋನ್, ಹ್ಯಾಂಬರ್ಗ್, ಬರ್ಲಿನ್, ಲೈಪ್‌ಜಿಗ್, ಡ್ರೆಸ್ಡೆನ್, ನ್ಯೂರೆಂಬರ್ಗ್, ಮ್ಯೂನಿಕ್, ಸ್ಟುಟ್‌ಗಾರ್ಟ್. ನಮಗಿದ್ದದ್ದು ಹನ್ನೆರಡು ದಿನ. ಹೋಗುವವರು ಮೂವರು: ನಾನು, ನಮ್ಮ ಯಜಮಾನರು, ಪುಟ್ಟಿ. ಮಗಳು ಅಳಿಯನಿಗೆ ರಜೆ ಸಿಗುವ ಹಾಗಿರಲಿಲ್ಲ.

‘ದುಡ್ಡು ಕೊಟ್ಟು ಅಷ್ಟು ದೂರ ಹೋಗ್ತೀವಿ. ಎಲ್ಲಾ ನೋಡಿಕೊಂಡೇ ಬರಬೇಕು’ ಎಂದರು ಇವರು. ಪುಟ್ಟಿ ಕುಣಿದಳು. ನಾನು ಸುಮ್ಮನೆ ತಲೆಯಾಡಿಸಿದೆ. ಯಾಕೆ ಸುಮ್ಮನಿದ್ದೆ ಎಂಬುದನ್ನು ಆಮೇಲೆ ಹೇಳುತ್ತೇನೆ.

ಜರ್ಮನಿಯೇ ಏಕೆ ಎಂದು ನೀವು ಕೇಳಬಹುದು. ನಮ್ಮ ತಂದೆ ಚಾಮರಾಜಪೇಟೆಯ ಒಂದು ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದವರು. ಅವರು ಬಿಟ್ಟುಹೋದ ಆಸ್ತಿಯಲ್ಲಿ ನನಗೆ ಬಂದದ್ದು ಕಿಟೆಲ್ ನಿಘಂಟಿನ ಒಂದು ಪ್ರತಿ. ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ನನಗೆ ಅದು ದಿನನಿತ್ಯದ ಸಂಗಾತಿ. ಅದನ್ನು ಬರೆದ ಫರ್ಡಿನೆಂಡ್ ಕಿಟೆಲ್ 1832ರಲ್ಲಿ ಉತ್ತರ ಜರ್ಮನಿಯ ಕಡಲ ಸೀಮೆಯಲ್ಲಿ ಹುಟ್ಟಿದವರು. ನಮ್ಮ ದೇಶಕ್ಕೆ ಬಂದದ್ದು 1853ರಲ್ಲಿ. ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿದ್ದೂ ಅದೇ ವರ್ಷ! ಸುಮಾರು 70,000 ಪದಗಳ ಅವರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ 1894ರಲ್ಲಿ ಅಚ್ಚಾಯಿತು. ಅವರು ತೀರಿಕೊಂಡದ್ದು 1903ರಲ್ಲಿ, ಜರ್ಮನಿಯ ಟ್ಯೂಬಿಂಗೆನ್ ಎಂಬ ಪುಟ್ಟ ಊರಿನಲ್ಲಿ. ಅಷ್ಟು ದೂರದಿಂದ ಬಂದು ನಮ್ಮ ಮಾತುಗಳನ್ನು ಹೆಕ್ಕಿ ಜೋಡಿಸಿದವರ ಊರನ್ನು ಒಮ್ಮೆ ನೋಡಬೇಕೆಂಬುದು ನನ್ನ ಬಹಳ ವರ್ಷಗಳ ಆಸೆ.

ತಮಾಷೆ ನೋಡಿ, ಒಂಬತ್ತು ಊರಿನ ಪಟ್ಟಿಯಲ್ಲಿ ಆ ಟ್ಯೂಬಿಂಗೆನ್ ಇರಲೇ ಇಲ್ಲ.

ಪುಟ್ಟಿ ವೇಳಾಪಟ್ಟಿ ಹಾಕಿದಳು. ಬೆಳಿಗ್ಗೆ ಒಂದು ಊರು, ರಾತ್ರಿ ಇನ್ನೊಂದು. ರೈಲು ಬದಲಿಸಲು ಒಂದು ಕಡೆ 9 ನಿಮಿಷ, ಇನ್ನೊಂದು ಕಡೆ 7 ನಿಮಿಷ. ‘ಅಜ್ಜಿ, ಅಲ್ಲಿ ರೈಲುಗಳು ಗಡಿಯಾರದ ಹಾಗೆ ಓಡುತ್ತವಂತೆ’ ಎಂದಳು. ಇವರು ಹುಡುಕಿ ನೋಡಿದರು. 2024ರಲ್ಲಿ ಜರ್ಮನಿಯ ದೂರಪ್ರಯಾಣದ ರೈಲುಗಳಲ್ಲಿ ವೇಳೆಗೆ ಸರಿಯಾಗಿ ತಲುಪಿದ್ದು ನೂರಕ್ಕೆ ಸುಮಾರು 62. ಆರು ನಿಮಿಷಕ್ಕಿಂತ ಕಡಿಮೆ ತಡವಾದರೆ ಅದನ್ನೂ ‘ಸರಿಯಾದ ವೇಳೆ’ ಎಂದೇ ಅವರು ಲೆಕ್ಕ ಹಿಡಿಯುತ್ತಾರೆ. ಪುಟ್ಟಿ ಪೆನ್ಸಿಲ್ ಕಚ್ಚುತ್ತಾ ಕುಳಿತಳು.

‘ಹಾಗಾದರೆ ಒಂದು ಪರೀಕ್ಷೆ ಮಾಡೋಣ. ಏಳು ನಿಮಿಷ ನಮಗೆ ಸಾಕೋ ಇಲ್ಲವೋ ನೋಡೇ ಬಿಡೋಣ’ ಎಂದರು ತಾತ.

ಒಂದು ಭಾನುವಾರ ಎರಡು ಪೆಟ್ಟಿಗೆಗಳಿಗೆ ಹಳೆಯ ಸೀರೆ, ಪಂಚೆ, ಪುಸ್ತಕ ತುಂಬಿದೆವು. ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿದು, ದೊಡ್ಡ ರೈಲು ನಿಲ್ದಾಣಕ್ಕೆ ಹೋಗಿ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡೆವು. ಒಂದನೇ ಪ್ಲಾಟ್‌ಫಾರ್ಮಿನಿಂದ ಎಂಟನೆಯದಕ್ಕೆ ಮೇಲ್ಸೇತುವೆಯ ಮೆಟ್ಟಿಲ ಮೇಲೆ ಹೋಗಬೇಕು, ಅಷ್ಟೆ. ತಾತನ ಕೈಗಡಿಯಾರ ಪುಟ್ಟಿಯ ಕೈಯಲ್ಲಿತ್ತು. ‘ರೆಡಿ, ಒನ್, ಟೂ, ತ್ರೀ!’

ಏಳನೇ ನಿಮಿಷ ಮುಗಿದಾಗ ನಾನಿನ್ನೂ ಮೆಟ್ಟಿಲಿನ ನಡುವೆ ಕಂಬಿ ಹಿಡಿದು ನಿಂತಿದ್ದೆ. ಬಲ ಮೊಣಕಾಲು ಮೇಲೇಳುತ್ತಿರಲಿಲ್ಲ. ಹಿಂದಿನಿಂದ ಬಂದವರು ನನ್ನ ಪಕ್ಕದಲ್ಲಿ ಓಡುತ್ತಿದ್ದರು. ಎಂಟನೇ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ನಾನು ಕುಳಿತಾಗ ಗಡಿಯಾರ 17 ನಿಮಿಷ ತೋರಿಸುತ್ತಿತ್ತು.

‘ಅಜ್ಜಿ, ಯಾವಾಗಿಂದ ನೋವು?’ ಪುಟ್ಟಿ ಕೇಳಿದಳು.

‘ದಸರೆಯಿಂದ ಕಣೇ.’

‘ಮತ್ತೆ ಹೇಳಲೇ ಇಲ್ಲ?’

‘ಹೇಳಿದರೆ ನನ್ನನ್ನು ಬಿಟ್ಟು ಹೋಗ್ತೀರೇನೋ ಅಂತ ಭಯ’ ಎಂದೆ. ಅರವತ್ತೇಳು ವರ್ಷದ ಹೆಂಗಸು ಹನ್ನೊಂದು ವರ್ಷದ ಹುಡುಗಿಯ ಮುಂದೆ ಹೀಗೆ ಒಪ್ಪಿಕೊಳ್ಳಬೇಕಾಯಿತು. ಇವರು ಏನೂ ಆಡಲಿಲ್ಲ. ಎದ್ದು ಹೋಗಿ ಮೂರು ಲೋಟ ತಂದರು. ಎರಡರಲ್ಲಿ ಕಾಫಿ, ಒಂದರಲ್ಲಿ ಹಾಲು. ಕೂತು ಕುಡಿದೆವು. ಎದುರಿಗೆ ಒಂದು ರೈಲು ಬಂದು, ನಿಂತು, ಹೋಯಿತು.

ಅಂದು ಸಂಜೆ ಪುಟ್ಟಿ ಹೊಸ ಪುಟ ತೆರೆದಳು. ‘ಊರು ಕಡಿಮೆ ಮಾಡಬೇಕು. ಆದರೆ ಯಾವುದನ್ನು ಬಿಡೋದು? ಎಲ್ಲವೂ ಚೆನ್ನಾಗಿರೋವೇ.’

‘ಯಾವ ಊರಿನ ನಂಟು ನಮಗೆ ಮೊದಲೇ ಇದೆಯೋ ಅದನ್ನು ಇಟ್ಟುಕೊ. ಉಳಿದದ್ದು ಇನ್ನೊಂದು ಸಲಕ್ಕೆ’ ಎಂದೆ.

ಮಕ್ಕಳೇ, ಆ ಒಂದು ವಾರ ನಾವು ಬಸವನಗುಡಿಯ ಸುತ್ತಮುತ್ತಲೇ ಜರ್ಮನಿ ಹುಡುಕಿದೆವು. ಹುಡುಕಿದರೆ ಸಿಗುತ್ತದೆ!

ಮೊದಲು ಲಾಲ್‌ಬಾಗ್. ಅದನ್ನು ಹಲವು ವರ್ಷ ನೋಡಿಕೊಂಡ ಗುಸ್ತಾವ್ ಹರ್ಮನ್ ಕ್ರುಂಬಿಗಲ್ 1865ರಲ್ಲಿ ಡ್ರೆಸ್ಡೆನ್ ಬಳಿಯ ಲೋಮೆನ್‌ನಲ್ಲಿ ಹುಟ್ಟಿದವರು. ಅಲ್ಲಿಯ ಪಿಲ್ನಿಟ್ಸ್ ಅರಮನೆಯ ತೋಟದಲ್ಲಿ ಕೆಲಸ ಕಲಿತವರು. ಬೆಂಗಳೂರಿನ ಬೀದಿಗಳಲ್ಲಿ ಒಂದು ಜಾತಿಯ ಹೂವು ಉದುರುವ ಹೊತ್ತಿಗೆ ಇನ್ನೊಂದು ಜಾತಿಯ ಮರ ಅರಳುವಂತೆ ಸಾಲುಮರ ನೆಡಿಸಿದ ಹೆಸರು ಅವರದು. 1956ರಲ್ಲಿ ತೀರಿಕೊಂಡದ್ದೂ ನಮ್ಮ ಬೆಂಗಳೂರಿನಲ್ಲೇ.

ಆಮೇಲೆ ನಾವು ದಿನವೂ ಕೂರುವ ಕೃಷ್ಣರಾವ್ ಪಾರ್ಕಿನ ಮಂಟಪ. ಅದರ ನಕ್ಷೆ ಬರೆದ ಆಟೊ ಕೋನಿಗ್ಸ್‌ಬರ್ಗರ್ ಬರ್ಲಿನ್ನಿನವರು, 1908ರಲ್ಲಿ ಹುಟ್ಟಿದವರು. ಯೆಹೂದಿ ಮನೆತನದವರಾದ್ದರಿಂದ ಹಿಟ್ಲರನ ಕಾಲದಲ್ಲಿ ದೇಶ ಬಿಡಬೇಕಾಯಿತು. 1939ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬಂದರು. ‘ಇಷ್ಟು ದಿನ ಇಲ್ಲಿ ಕಡಲೆಕಾಯಿ ತಿಂದೆ, ಕಟ್ಟಿದವರು ಯಾರು ಅಂತ ಕೇಳಲೇ ಇಲ್ಲ’ ಎಂದಳು ಪುಟ್ಟಿ.

ಮೂರನೆಯವರು ಹರ್ಮನ್ ಮೊಗ್ಲಿಂಗ್. 1843ರಲ್ಲಿ ‘ಮಂಗಳೂರ ಸಮಾಚಾರ’ ಎಂಬ ಮೊದಲ ಕನ್ನಡ ಪತ್ರಿಕೆ ತಂದವರು. ಅವರು 1881ರಲ್ಲಿ ಕಣ್ಣು ಮುಚ್ಚಿದ್ದು ಸ್ಟುಟ್‌ಗಾರ್ಟ್ ಪಕ್ಕದ ಎಸ್ಲಿಂಗೆನ್‌ನಲ್ಲಿ. ಭೂಪಟ ತೆರೆದು ನೋಡಿದರೆ ಸ್ಟುಟ್‌ಗಾರ್ಟ್‌ನಿಂದ ಕಿಟೆಲ್ ಅವರ ಟ್ಯೂಬಿಂಗೆನ್‌ಗೆ ಹೋಗುವ ರೈಲು ಇದೇ ಎಸ್ಲಿಂಗೆನ್ ಮೇಲೆ ಹಾಯುತ್ತದೆ! ಪುಟ್ಟಿ ಭೂಪಟದ ಮೇಲೆ ಬೆರಳಿಟ್ಟು ‘ಒಂದೇ ಹಳಿಯ ಮೇಲೆ ಇಬ್ಬರೂ’ ಎಂದಾಗ ನನ್ನ ಕಣ್ಣು ತುಂಬಿತು.

ಕೊನೆಗೆ ಉಳಿದದ್ದು ನಾಲ್ಕು ತಂಗುವ ಊರು. ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಇಳಿದು, ವಿಮಾನ ನಿಲ್ದಾಣದಲ್ಲೇ ಇರುವ ರೈಲು ನಿಲ್ದಾಣದಿಂದ ನೇರ ಸ್ಟುಟ್‌ಗಾರ್ಟ್. ಅಲ್ಲಿ ನಾಲ್ಕು ರಾತ್ರಿ. ಟ್ಯೂಬಿಂಗೆನ್ ಸುಮಾರು ಒಂದು ಗಂಟೆಯ ಹಾದಿ. ಬೆಳಿಗ್ಗೆ ಹೋಗಿ ಸಂಜೆ ಬರಬಹುದು, ಪೆಟ್ಟಿಗೆ ಹೊರುವ ಕೆಲಸವಿಲ್ಲ. 1896ರಲ್ಲಿ ಕಿಟೆಲ್ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟ ವಿಶ್ವವಿದ್ಯಾಲಯವೂ ಅಲ್ಲೇ ಇದೆ.

ಆಮೇಲೆ ನ್ಯೂರೆಂಬರ್ಗ್, ಎರಡು ರಾತ್ರಿ. ಇದು ಪುಟ್ಟಿಯ ಆಯ್ಕೆ. 1835ರ ಡಿಸೆಂಬರ್ 7ರಂದು ಜರ್ಮನಿಯ ಮೊದಲ ಉಗಿಬಂಡಿ ಓಡಿದ್ದು ಇಲ್ಲಿಂದ ಫ್ಯೂರ್ಟ್ ಎಂಬ ಊರಿಗೆ, ಬರೀ ಆರು ಕಿಲೋಮೀಟರ್. ಎಂಜಿನ್ನಿನ ಹೆಸರು ‘ಆಡ್ಲರ್’, ಅಂದರೆ ಹದ್ದು. ಎಂಜಿನ್ನೂ ಇಂಗ್ಲೆಂಡಿನದು, ಓಡಿಸಿದವನೂ ಇಂಗ್ಲೆಂಡಿನವನು! ಅಲ್ಲಿ ದೊಡ್ಡ ರೈಲು ವಸ್ತುಸಂಗ್ರಹಾಲಯವಿದೆ.

ಮೂರನೆಯದು ಡ್ರೆಸ್ಡೆನ್, ಮೂರು ರಾತ್ರಿ. ಪಿಲ್ನಿಟ್ಸ್ ತೋಟದಲ್ಲಿ ಇನ್ನೂರು ವರ್ಷ ದಾಟಿದ ಕಮೀಲಿಯಾ ಗಿಡ ಒಂದಿದೆ. ಚಳಿಗಾಲದಲ್ಲಿ ಅದಕ್ಕೊಂದು ಗಾಜಿನ ಮನೆ. ಬೇಸಿಗೆ ಬಂದರೆ ಆ ಇಡೀ ಮನೆಯನ್ನೇ ಹಳಿಗಳ ಮೇಲೆ ಪಕ್ಕಕ್ಕೆ ತಳ್ಳುತ್ತಾರೆ! ನಾವು ಹೋಗುವುದು ಏಪ್ರಿಲ್ ಕೊನೆಗೆ. ಹೂವು ಮುಗಿದಿರಬಹುದು, ಗಿಡವಂತೂ ಇರುತ್ತದೆ. ಕೊನೆಗೆ ಬರ್ಲಿನ್, ಎರಡು ರಾತ್ರಿ. ವಾಪಸ್ ವಿಮಾನ ಅಲ್ಲಿಂದಲೇ. ಇಳಿಯುವ ಊರು ಒಂದು, ಹೊರಡುವ ಊರು ಇನ್ನೊಂದು ಎಂದು ವಿಮಾನದ ಟಿಕೆಟ್ ತೆಗೆದುಕೊಂಡರೆ ಹಿಂದಿರುಗಿ ಓಡುವ ಒಂದು ದಿನ ಉಳಿಯುತ್ತದೆ.

ರೈಲಿನ ವಿಷಯದಲ್ಲಿ ನಾವು ಕಲಿತದ್ದನ್ನು ನಿಮಗೂ ಹೇಳಿಬಿಡುತ್ತೇನೆ, ಮುಂದೆ ಉಪಯೋಗಕ್ಕೆ ಬಂದೀತು.

ಅಲ್ಲಿ ಒಂದೇ ದಾರಿಗೆ ಎರಡು ಬಗೆಯ ಟಿಕೆಟ್. ಮೊದಲೇ ಕೊಂಡರೆ ಅಗ್ಗ, ಆದರೆ ಅದೇ ರೈಲಿನಲ್ಲಿ ಹೋಗಬೇಕು. ಇನ್ನೊಂದು ದುಬಾರಿ, ಆದರೆ ಆ ದಿನದ ಯಾವ ರೈಲಾದರೂ ಸರಿ. ವಿಮಾನ ಇಳಿಯುವ ದಿನಕ್ಕೆ ನಾವು ಎರಡನೆಯದನ್ನೇ ಆರಿಸಿದ್ದೇವೆ, ವಿಮಾನ ತಡವಾದರೆ ರೈಲಿನ ದುಡ್ಡು ಹೋಗಬಾರದಲ್ಲ. ರೈಲಿನವರಿಂದಲೇ ತಡವಾಗಿ, 20 ನಿಮಿಷಕ್ಕಿಂತ ಹೆಚ್ಚು ತಡವಾಗಿ ಊರು ಸೇರುವ ಹಾಗಿದ್ದರೆ ಅಗ್ಗದ ಟಿಕೆಟ್ಟಿನವರೂ ಬೇರೆ ರೈಲು ಹಿಡಿಯಬಹುದು. 60 ನಿಮಿಷ ತಡವಾದರೆ ಕಾಲು ಭಾಗ, 120 ನಿಮಿಷವಾದರೆ ಅರ್ಧ ದುಡ್ಡು ವಾಪಸ್ ಕೇಳಬಹುದು.

ನಮ್ಮಲ್ಲಿ ರಿಸರ್ವೇಶನ್ ಎಂದರೆ ಟಿಕೆಟ್, ಸೀಟು ಎರಡೂ. ಅಲ್ಲಿ ಹಾಗಲ್ಲ. ಟಿಕೆಟ್ ಇದ್ದರೆ ಹತ್ತಬಹುದು. ಸೀಟು ಬೇಕಾದರೆ ಅದಕ್ಕೆ ಬೇರೆ ದುಡ್ಡು. ಮೊಣಕಾಲಿನವರು ಇದನ್ನು ಮರೆಯಬಾರದು! ಪುಟ್ಟಿಯ ವಯಸ್ಸಿನ ಮಕ್ಕಳು ದೊಡ್ಡವರ ಜೊತೆಗಿದ್ದರೆ ದೂರದ ರೈಲಿನಲ್ಲಿ ಟಿಕೆಟ್ ದುಡ್ಡಿಲ್ಲ, ಆದರೆ ಬುಕ್ ಮಾಡುವಾಗಲೇ ಅವರನ್ನೂ ಸೇರಿಸಿರಬೇಕು. ನಿಲ್ದಾಣದಲ್ಲಿ ಹಳದಿ ಹಾಳೆ ಅಂಟಿಸಿದ್ದರೆ ಹೊರಡುವ ರೈಲು. ‘ಗ್ಲೈಸ್’ ಎಂದರೆ ರೈಲು ನಿಲ್ಲುವ ಹಳಿ. ಅದರ ನಂಬರೇ ಪ್ಲಾಟ್‌ಫಾರ್ಮ್ ನಂಬರು. ಭಾನುವಾರ ಅಂಗಡಿಗಳೆಲ್ಲ ಬಹುಮಟ್ಟಿಗೆ ಮುಚ್ಚಿರುತ್ತವೆ, ದೊಡ್ಡ ನಿಲ್ದಾಣಗಳೊಳಗಿನ ಅಂಗಡಿಗಳು ತೆರೆದಿರುತ್ತವೆ. ಆದ್ದರಿಂದ ಮೊಸರು, ಬ್ರೆಡ್ಡು, ಹಣ್ಣು ಶನಿವಾರವೇ ತಂದಿಟ್ಟುಕೊಳ್ಳಬೇಕು. ಅವಲಕ್ಕಿ, ಚಟ್ನಿಪುಡಿ ನನ್ನ ಪೆಟ್ಟಿಗೆಯಲ್ಲಿ ಇದ್ದೇ ಇರುತ್ತದೆ.

ವೀಸಾಕ್ಕೂ ಈ ವೇಳಾಪಟ್ಟಿ ಬೇಕು. ಯಾವ ರಾತ್ರಿ ಯಾವ ಊರಿನಲ್ಲಿ ತಂಗುತ್ತೇವೆ ಎಂದು ತೋರಿಸಬೇಕು. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆಯೂ ಬೇಕು. ಪುಟ್ಟಿ ಅಪ್ಪ ಅಮ್ಮನಿಲ್ಲದೆ ಬರುವುದರಿಂದ ಅವರಿಬ್ಬರ ಒಪ್ಪಿಗೆ ಪತ್ರವನ್ನೂ ಜೋಡಿಸಿದ್ದೇವೆ.

ನ್ಯೂರೆಂಬರ್ಗ್‌ನಿಂದ ಡ್ರೆಸ್ಡೆನ್‌ಗೆ ಹೋಗುವ ದಿನ ಮಾತ್ರ ರೈಲು ಬದಲಿಸಬೇಕು. ಜಾಗ ಲೈಪ್‌ಜಿಗ್. 1915ರಲ್ಲಿ ಕಟ್ಟಿ ಮುಗಿಸಿದ, ಯೂರೋಪಿನಲ್ಲೇ ಬಹಳ ದೊಡ್ಡದೆಂದು ಹೆಸರಾದ ನಿಲ್ದಾಣ ಅದು. ಚಾಮರಾಜಪೇಟೆಯ ನಮ್ಮ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ್ದೂ ಅದೇ ವರ್ಷ. ಅಲ್ಲಿ ಪುಟ್ಟಿ ಬಿಟ್ಟಿರುವ ಸಮಯ 7 ನಿಮಿಷವಲ್ಲ, 45 ನಿಮಿಷ. ಪಕ್ಕದಲ್ಲಿ ಕೆಂಪು ಮಸಿಯಲ್ಲಿ ಬರೆದಿದ್ದಾಳೆ: ‘ಅಜ್ಜಿ ಕೂರಬೇಕು. ತಾತ ಕಾಫಿ ತರಬೇಕು. ನಾನು ಗ್ಲೈಸ್ ನಂಬರ್ ನೋಡಬೇಕು.’

ಈಗ ದಿನವೂ ಬೆಳಿಗ್ಗೆ ವೈದ್ಯರು ಹೇಳಿಕೊಟ್ಟ ಕಾಲಿನ ವ್ಯಾಯಾಮ ಮಾಡುತ್ತೇನೆ. ಸಂಜೆ ಕೃಷ್ಣರಾವ್ ಪಾರ್ಕಿನಲ್ಲಿ ಎರಡು ಸುತ್ತು. ಪುಟ್ಟಿ ಪಕ್ಕದಲ್ಲೇ ನಡೆಯುತ್ತಾ ಲೆಕ್ಕ ಇಡುತ್ತಾಳೆ. ನಿಘಂಟು ಬಹಳ ಭಾರ, ಒಯ್ಯಲಾಗದು. ಅದರಿಂದ ದಿನಕ್ಕೊಂದು ಪದ ಆರಿಸಿ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆಯುತ್ತಿದ್ದಾಳೆ. ಟ್ಯೂಬಿಂಗೆನ್‌ನಲ್ಲಿ ಒಂದು ಕಡೆ ಕೂತು ಅವನ್ನೆಲ್ಲ ಗಟ್ಟಿಯಾಗಿ ಓದಬೇಕಂತೆ.

ಮಕ್ಕಳೇ, ನೀವು ಅಜ್ಜಿ ತಾತನ ಜೊತೆ ಎಲ್ಲಿಗಾದರೂ ಹೊರಡುವುದಾದರೆ ವೇಳಾಪಟ್ಟಿ ಹಾಕುವ ಮೊದಲು ಅವರ ಕಾಲು ಹೇಗಿದೆ ಎಂದು ಕೇಳಿ. ಅಜ್ಜಿ ತಾತಂದಿರೇ, ಕೇಳಿದಾಗ ನಿಜ ಹೇಳಿ. ನಾನು ಮುಚ್ಚಿಟ್ಟಿದ್ದರೆ ಆ ಮೆಟ್ಟಿಲು ಮೆಜೆಸ್ಟಿಕ್‌ನಲ್ಲಿ ಸಿಗುವ ಬದಲು ಗೊತ್ತಿಲ್ಲದ ಊರಿನಲ್ಲಿ ಸಿಗುತ್ತಿತ್ತು.

ಅಂದ ಹಾಗೆ, ಮೊದಲ ಪುಟದ ಒಂಬತ್ತು ಹೆಸರು ಈಗಲೂ ಹಾಗೆಯೇ ಇವೆ. ಬಿಟ್ಟ ಊರುಗಳ ಮೇಲೆ ಪುಟ್ಟಿ ಗೀಟು ಎಳೆದಿದ್ದಾಳೆ, ಪೆನ್ಸಿಲಿನಲ್ಲಿ. ‘ಪೆನ್ನಿನಲ್ಲಿ ಯಾಕೆ ಎಳೀಲಿಲ್ಲ?’ ಎಂದು ತಾತ ಕೇಳಿದರು.

‘ಇನ್ನೊಂದು ಸಲ ಹೋಗುವಾಗ ಅಳಿಸಬೇಕಲ್ಲ ತಾತ’ ಎಂದಳು.